ಬಜ್ಜಿ ಯಾಕೆ ಎಣ್ಣೆ ಕುಡಿಯುತ್ತದೆ?

ಕಮತಗಿಯಲ್ಲಿ ಸಂಜೆ ಮಗ್ಗದ ಸಪ್ಪಳ ನಿಂತರೆ ಚುರುಮರಿ, ಮಿರ್ಚಿ ನೆನಪಾಗುತ್ತದೆ. ಬೀಗರು ಬಂದರೂ ಮಿರ್ಚಿ. ಮಳೆ ಬಂದರೂ ಮಿರ್ಚಿ. ಆದರೆ ಮನೆಯಲ್ಲಿ ಮಾಡಿದ ಮಿರ್ಚಿ ಬಜ್ಜಿ ಒಮ್ಮೊಮ್ಮೆ ಎಣ್ಣೆಯಲ್ಲಿ ತೊಯ್ದಿರುತ್ತದೆ. ಹಿಡಿದರೆ ಕೈಯೆಲ್ಲ ಜಿಡ್ಡು. ಒಂದು ದಿನದ ಬಜ್ಜಿಗೆ ವಾರದ ಒಗ್ಗರಣೆಯ ಎಣ್ಣೆ ಹೋಗುತ್ತದೆ. ಶೇಂಗಾ ಎಣ್ಣೆ ಅಗ್ಗವಲ್ಲ. ನೇಯ್ದು ದುಡಿದ ಹಣ ಅದು.

"ಸಣ್ಣ ಉರಿ ಒಳಗ ಕರೀರಿ, ಎಣ್ಣಿ ಕಡಿಮಿ ಹಿಡೀತೈತಿ" ಅಂತ ಹೇಳುವವರಿದ್ದಾರೆ. ಇದು ತಪ್ಪು. ಎಣ್ಣೆ ಕಾಯದಿದ್ದರೇ ಬಜ್ಜಿ ಹೆಚ್ಚು ಎಣ್ಣೆ ಕುಡಿಯುತ್ತದೆ.

ಹೇಗೆ? ಕಲಸಿದ ಹಿಟ್ಟಿನಲ್ಲಿ ನೀರು ಇದೆ. ಕಾದ ಎಣ್ಣೆಗೆ ಬಿದ್ದ ಕೂಡಲೇ ಆ ನೀರು ಆವಿಯಾಗುತ್ತದೆ. ಬಾಣಲೆಯಲ್ಲಿ ಬುಳುಬುಳು ಗುಳ್ಳೆ ಏಳುತ್ತವಲ್ಲ, ಅದೇ ಆವಿ. ಆವಿ ಹೊರಗೆ ನುಗ್ಗುವಾಗ ಎಣ್ಣೆ ಒಳಗೆ ಹೋಗಲಾರದು. ಬಸ್ಸಿನ ಬಾಗಿಲಲ್ಲಿ ಜನ ಇಳಿಯುತ್ತಿದ್ದರೆ ನಾವು ಹತ್ತಲು ಆಗುತ್ತದೆಯೇ? ಹಾಗೆ. ಅಷ್ಟರಲ್ಲಿ ಮೇಲಿನ ಪದರ ಗಟ್ಟಿಯಾಗುತ್ತದೆ. ಎಣ್ಣೆ ಕಾಯದಿದ್ದರೆ ಆವಿಗೆ ಜೋರಿಲ್ಲ. ಪದರ ಗಟ್ಟಿಯಾಗಲು ಹೊತ್ತು ಹಿಡಿಯುತ್ತದೆ. ಬಜ್ಜಿ ಎಣ್ಣೆಯಲ್ಲಿ ನೆನೆಯುತ್ತದೆ.

ಎಣ್ಣೆ ಕಾದಿದೆಯೇ? ಒಂದು ಹನಿ ಹಿಟ್ಟು ಬಿಟ್ಟು ನೋಡಿ. ತಳದಲ್ಲೇ ಕುಳಿತರೆ ಇನ್ನೂ ಕಾಯಬೇಕು. ಗುಳ್ಳೆ ಎದ್ದು ಕೂಡಲೇ ಮೇಲೆ ಬಂದರೆ ಸರಿ. ಹೊಗೆ ಎದ್ದರೆ ಹೆಚ್ಚಾಯಿತು, ಉರಿ ತಗ್ಗಿಸಿ.

ಕಾದ ಎಣ್ಣೆಗೆ ಒಮ್ಮೆಲೇ ಹತ್ತು ಹನ್ನೆರಡು ಬಿಡಬೇಡಿ. ತಣ್ಣನೆಯ ಹಿಟ್ಟು ಬಿದ್ದರೆ ಎಣ್ಣೆ ಆರುತ್ತದೆ. ಮಕ್ಕಳು ತಾಟು ಹಿಡಿದು ಕುಳಿತಿರುತ್ತಾರೆ, ನಾವು ಅವಸರ ಮಾಡುತ್ತೇವೆ. ಅಲ್ಲೇ ಕೆಡುತ್ತದೆ. ನಾಲ್ಕೈದು ಬಿಟ್ಟರೆ ಸಾಕು.

ಸೋಡಾ ಚಿಟಿಕೆಯಷ್ಟೇ ಇರಲಿ. ಹೆಚ್ಚಾದರೆ ಬಜ್ಜಿ ಉಬ್ಬುತ್ತದೆ, ನಿಜ. ಆದರೆ ಒಳಗೆಲ್ಲ ತೂತು. ಆ ತೂತಿನಲ್ಲಿ ಎಣ್ಣೆ ತುಂಬುತ್ತದೆ. ಹಿಟ್ಟು ನೀರಾಗಬಾರದು, ಮೆಣಸಿನಕಾಯಿಗೆ ಅಂಟಿ ನಿಲ್ಲಬೇಕು. ತೊಳೆದ ಮೆಣಸಿನಕಾಯಿಯನ್ನು ಬಟ್ಟೆಯಿಂದ ಒರೆಸಿಕೊಳ್ಳಿ. ಇಲ್ಲದಿದ್ದರೆ ಎಣ್ಣೆ ಸಿಡಿದೀತು.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಬಜ್ಜಿ ಬಾಣಲೆಯಿಂದ ಹೊರಗೆ ಬಂದ ಮೇಲೂ ಎಣ್ಣೆ ಕುಡಿಯುತ್ತದೆ! ಬಜ್ಜಿ ಆರಿದಂತೆ ಒಳಗಿನ ಆವಿ ಕುಗ್ಗುತ್ತದೆ. ಮೈಗೆ ಅಂಟಿದ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಬಿಸಿ ಇದ್ದಾಗಲೇ ಎಣ್ಣೆ ಇಳಿಸಬೇಕು. ಜಾರಿಯನ್ನು ಬಾಣಲೆಯ ಮೇಲೆ ಹಿಡಿದು ಎರಡು ಸಲ ಅಲ್ಲಾಡಿಸಿ. ಬಜ್ಜಿಯನ್ನು ತೂತಿನ ಪಾತ್ರೆಯಲ್ಲಿ ಬಿಡಿಬಿಡಿಯಾಗಿ ಇಡಿ. ಒಂದರ ಮೇಲೊಂದು ಒಟ್ಟಬೇಡಿ. ಹಳೆಯ ಪೇಪರಿನ ಮೇಲೂ ಹಾಕಬೇಡಿ. ಮಸಿಯ ವಿಷ ಆಹಾರಕ್ಕೆ ಇಳಿಯುತ್ತದೆ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ 2016ರಲ್ಲಿ ಎಚ್ಚರಿಸಿದೆ.

"ಇಷ್ಟೆಲ್ಲಾ ಮಾಡಿದ್ರ ಎಷ್ಟ್ ಎಣ್ಣಿ ಉಳೀತೈತ್ರಿ?" ಎಂದು ಕೇಳುತ್ತೀರಾ? ನೀವೇ ಅಳೆದು ನೋಡಿ. ಬಟ್ಟಲಿನಿಂದ ಅಳೆದು ಎಣ್ಣೆ ಹಾಕಿ. ಕರಿದು, ಪೂರ್ತಿ ಆರಿದ ಮೇಲೆ ಮತ್ತೆ ಅಳೆಯಿರಿ. ಕಡಿಮೆಯಾದದ್ದು ಹೆಚ್ಚಾಗಿ ಬಜ್ಜಿಯ ಹೊಟ್ಟೆ ಸೇರಿದೆ. ಈಗ ಬರೆಯಲು ಬರುತ್ತದಲ್ಲ, ತಾರೀಖು ಹಾಕಿ ಬರೆದಿಡಿ. ಮುಂದಿನ ಸಲ ಅಷ್ಟೇ ಹಿಟ್ಟು ಕಲಸಿ, ಹೀಗೆ ಕರಿದು, ಅದರ ಕೆಳಗೇ ಬರೆಯಿರಿ.

ಉಳಿದ ಎಣ್ಣೆಯನ್ನು ಸೋಸಿ ಮುಚ್ಚಿಡಿ. ಒಂದೆರಡು ದಿನದಲ್ಲಿ ಒಗ್ಗರಣೆಗೆ ಬಳಸಿ ಮುಗಿಸಿ. ಕಪ್ಪಾಗಿ, ಮಂದವಾಗಿ, ಕಮಟು ವಾಸನೆ ಬಂದಿದ್ದರೆ ಅದರ ಆಸೆ ಬಿಡಿ.