ಕಾರ್ಡ್ ಕೊಳ್ಳುವ ಮೊದಲು ಮಾನಿಟರ್ ನೋಡಿ

ಗೇಮಿಂಗ್ ಕಂಪ್ಯೂಟರಿನಲ್ಲಿ ಹೆಚ್ಚು ಹಣ ತಿನ್ನುವ ಭಾಗ ಗ್ರಾಫಿಕ್ಸ್ ಕಾರ್ಡ್. 2025ರ ಆರಂಭದಲ್ಲಿ ಎನ್‌ವಿಡಿಯಾ ಕಂಪನಿ ಬಿಟ್ಟ ಮೂರು ಕಾರ್ಡುಗಳನ್ನೇ ನೋಡೋಣ. ಆರ್‌ಟಿಎಕ್ಸ್ 5090ಕ್ಕೆ ಕಂಪನಿ ಹೇಳಿದ ಬೆಲೆ 1999 ಡಾಲರ್, 5080ಕ್ಕೆ 999, 5070 ಟಿಐಗೆ 749. ನಮ್ಮಲ್ಲಿ ಇದರ ಮೇಲೆ ಶೇ. 18 ಜಿಎಸ್‌ಟಿ ಬೇರೆ. 5090ರ ಬೆಲೆ 5080ರ ಎರಡರಷ್ಟು, ಆದರೆ ಆಟದ ವೇಗ ಎರಡರಷ್ಟಾಗುವುದಿಲ್ಲ.

ಕಾರ್ಡಿನ ಕೆಲಸ ಪರದೆಯ ಚುಕ್ಕೆಗಳಿಗೆ ಬಣ್ಣ ತುಂಬುವುದು. ಸಾಮಾನ್ಯ 1080ಪಿ ಮಾನಿಟರಿನಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ, 4ಕೆಯಲ್ಲಿ ಅದರ ನಾಲ್ಕು ಪಟ್ಟು. ದೊಡ್ಡ ಕಾರ್ಡಿಗೆ ಚಿಕ್ಕ ಪರದೆ ಕೊಟ್ಟರೆ ಅದು ಬೇಗ ಕೆಲಸ ಮುಗಿಸಿ ಪ್ರೊಸೆಸರಿಗಾಗಿ ಕಾಯುತ್ತ ಕೂರುತ್ತದೆ. ಮಾನಿಟರ್ 60 ಹರ್ಟ್ಸ್‌ದಾದರೆ ಸೆಕೆಂಡಿಗೆ 60 ಚಿತ್ರಕ್ಕಿಂತ ಹೆಚ್ಚು ತೋರಿಸುವುದೂ ಇಲ್ಲ.

ನನ್ನ ಗೆಳೆಯನೊಬ್ಬ ಈದಿ ಹಣ, ರಜೆಯಲ್ಲಿ ಮಾಮುವಿನ ಅಂಗಡಿಯಲ್ಲಿ ದುಡಿದ ಹಣ ಎಲ್ಲ ಕೂಡಿಸಿಟ್ಟಿದ್ದಾನೆ. 5080 ಬಿಟ್ಟು ಬೇರೆ ಬೇಡವಂತೆ. ಮನೆಯಲ್ಲಿರುವುದು ಮಾತ್ರ ಹಳೆಯ 1080ಪಿ ಮಾನಿಟರ್! ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಓದುತ್ತೇವಲ್ಲ, ಇಲ್ಲಿ ಅದೇ ಲೆಕ್ಕ. 5070 ಟಿಐಯಲ್ಲೂ ಮೆಮೊರಿ 5080ರಷ್ಟೇ, 16 ಜಿಬಿ. ವೇಗ ಸ್ವಲ್ಪ ಕಡಿಮೆ, ಅಷ್ಟೇ. ಉಳಿಯುವ 250 ಡಾಲರಿನಷ್ಟು ಹಣದಲ್ಲಿ ಒಳ್ಳೆಯ 1440ಪಿ ಮಾನಿಟರ್ ಬರುತ್ತದೆ. ಇಷ್ಟು ಹೇಳಿದ್ದೇನೆ, ಅವನಿನ್ನೂ ಒಪ್ಪಿಲ್ಲ.

ಎಸ್‌ಎಂಪಿಎಸ್ ಕೂಡ ನೋಡಬೇಕು. 5070 ಟಿಐಗೆ 750 ವ್ಯಾಟ್, 5080ಕ್ಕೆ 850, 5090ಕ್ಕೆ 1000 ವ್ಯಾಟಿನದು ಬೇಕೆಂದು ಕಂಪನಿಯೇ ಹೇಳುತ್ತದೆ. 5090 ಒಂದೇ 575 ವ್ಯಾಟ್ ಎಳೆಯಬಲ್ಲದು. ದಿನಕ್ಕೆ ಎರಡು ಗಂಟೆ ಪೂರ್ತಿ ಓಡಿದರೆ ತಿಂಗಳಿಗೆ ಸುಮಾರು 34 ಯೂನಿಟ್. ಕರೆಂಟ್ ಬಿಲ್ ಕಟ್ಟುವವರನ್ನೂ ಒಂದು ಮಾತು ಕೇಳಿ.