ಮೊಬೈಲಿನ ಕೊರಳಿನ ಗುರುತು

ಕೊಪ್ಪಳ ಜಿಲ್ಲೆಯ ತಳಕಲ್ ಸುತ್ತಿನ ಎರೆಹೊಲಗಳಲ್ಲಿ ಕೊಳವೆಬಾವಿಯ ಸ್ಟಾರ್ಟರ್ ಪೆಟ್ಟಿಗೆಯ ಬಗಲಿಗೆ ಹಲವು ಕಡೆ ಇನ್ನೊಂದು ಸಣ್ಣ ಡಬ್ಬಿ ಇರುತ್ತದೆ. ಒಳಗೊಂದು ಸಿಮ್, ಹೊರಗೊಂದು ಗಿಡ್ಡ ಆಂಟೆನಾ. ರೈತರು ಇದನ್ನು ಮೊಬೈಲ್ ಸ್ಟಾರ್ಟರ್ ಎನ್ನುತ್ತಾರೆ. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೂ ಬ್ಯಾಟರಿ ಹಿಡಿದು ಹೊಲಕ್ಕೆ ಓಡಬೇಕಿಲ್ಲ. ಮನೆಯಲ್ಲೇ ಕೂತು ಆ ಸಿಮ್ಮಿಗೆ ಕರೆ ಮಾಡಿದರೆ ಒಳಗಿನ ರಿಲೇ ಟಕ್ ಎನ್ನುತ್ತದೆ, ಮೋಟರು ಚಾಲೂ ಆಗುತ್ತದೆ. ರಾತ್ರಿ ನೀರು ಹಾಯಿಸಲು ಹೋಗಿ ಹಾವು ಕಡಿಸಿಕೊಂಡವರ ಮನೆಯನ್ನು ಕಂಡವರಿಗೆ ಈ ಡಬ್ಬಿಯ ಬೆಲೆ ಗೊತ್ತು.

ಕರೆ ಮಾಡಿದವರು ಹೊಲದ ಯಜಮಾನರೇ ಎಂಬುದು ಡಬ್ಬಿಗೆ ಹೇಗೆ ತಿಳಿಯುತ್ತದೆ? ತಿಳಿಯುವುದಿಲ್ಲ. ಬಂದ ನಂಬರು ತನ್ನ ಪಟ್ಟಿಯಲ್ಲಿದೆಯೇ ಎಂದು ನೋಡುತ್ತದೆ, ಇದ್ದರೆ ನಂಬುತ್ತದೆ. ಗಾಳಿಯಲ್ಲಿ ಮಾತಾಡುವ ಹೆಚ್ಚಿನ ಯಂತ್ರಗಳ ಪರಿಚಯಪತ್ರ ಇಷ್ಟೇ. ಮೊಬೈಲಿಗೆ 15 ಅಂಕಿಗಳ ಐಎಂಇಐ, ವೈ-ಫೈ ಕಾರ್ಡಿಗೆ ಮ್ಯಾಕ್ ವಿಳಾಸ, ನೆತ್ತಿಯ ಮೇಲೆ ಹಾರುವ ವಿಮಾನಕ್ಕೆ 24 ಬಿಟ್‌ಗಳ ಒಂದು ಸಂಖ್ಯೆ. ಎಲ್ಲವೂ ಯಂತ್ರ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಹೆಸರುಗಳು. ತಾನೇ ಹೇಳಿಕೊಂಡ ಹೆಸರನ್ನು ಬೇರೆಯವರೂ ಹೇಳಬಹುದು.

ಹೇಳಿದ್ದಾರೆ ಕೂಡ. 2020ರಲ್ಲಿ ಮೀರತ್ ಪೊಲೀಸರು ಒಂದು ಮೊಬೈಲಿನ ಜಾಡು ಹಿಡಿದು ಹೊರಟಾಗ ಅದರ ಐಎಂಇಐ ದೇಶದ 13,500ಕ್ಕೂ ಹೆಚ್ಚು ಫೋನುಗಳಲ್ಲಿ ಸಿಕ್ಕಿತು. ಕಳೆದುಹೋದ ಫೋನನ್ನು ಜಾಲದಿಂದ ಹೊರಗಿಡುವ ಕೇಂದ್ರದ ಸಿಇಐಆರ್ ವ್ಯವಸ್ಥೆ ನಿಂತಿರುವುದೇ ಈ ಸಂಖ್ಯೆಯ ಮೇಲೆ. 2023ರ ದೂರಸಂಪರ್ಕ ಕಾಯ್ದೆ ಇದನ್ನು ತಿದ್ದುವವರಿಗೆ 3 ವರ್ಷದವರೆಗೆ ಸೆರೆವಾಸ, 50 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದೆ. ಕಾಯ್ದೆ ಕಳ್ಳನನ್ನು ಹೆದರಿಸಬಹುದು. ಆದರೆ ಸಂಖ್ಯೆ ಅಸಲಿಯೋ ನಕಲಿಯೋ ಎಂಬುದನ್ನು ಗೋಪುರದ ಮೇಲಿನ ಆಂಟೆನಾ ಕಾಯ್ದೆ ಓದಿ ತಿಳಿಯಲಾರದು.

ಹಾಗಾದರೆ ಹೆಸರನ್ನು ಬದಿಗಿಟ್ಟು ಯಂತ್ರವನ್ನೇ ಗುರುತಿಸಬಹುದೇ? ಬಹುದು. ರಾತ್ರಿ ಯಾರೋ ಬಾಗಿಲು ತಟ್ಟುತ್ತಾರೆ. ‘ಯಾರು?’ ಎಂದರೆ ‘ನಾನು’ ಎನ್ನುತ್ತಾರೆ. ಆ ಮಾತಿನಲ್ಲಿ ಹೆಸರಿಲ್ಲ, ಊರಿಲ್ಲ, ಆದರೂ ಒಳಗಿದ್ದವರು ಎದ್ದು ಹೋಗಿ ಅಗುಳಿ ತೆಗೆಯುತ್ತಾರೆ. ಗುರುತು ಹಿಡಿದದ್ದು ಕೊರಳಿನಿಂದ. ರೇಡಿಯೊ ಯಂತ್ರಗಳಿಗೂ ಅಂಥ ಕೊರಳಿದೆ. ಎಂಜಿನಿಯರುಗಳು ಅದನ್ನು ರೇಡಿಯೊ ಬೆರಳಚ್ಚು ಎಂದು ಕರೆಯುತ್ತಾರೆ.

ಈ ಕೊರಳು ಹುಟ್ಟುವುದು ಯಂತ್ರದ ಕುಂದುಗಳಿಂದ. ಮುಖ್ಯವಾದ ಕುಂದು ಕಾಳಿನಷ್ಟು ಚಿಕ್ಕ ಲೋಹದ ಡಬ್ಬಿಯೊಳಗೆ ಕೂತಿರುವ ಸ್ಫಟಿಕದ ಚೂರಿನಲ್ಲಿದೆ. ವಿದ್ಯುತ್ತು ಕೊಟ್ಟರೆ ಅದು ಒಂದೇ ಲಯದಲ್ಲಿ ನಡುಗುತ್ತದೆ. ಅನೇಕ ವೈ-ಫೈ ಚಿಪ್ಪುಗಳಲ್ಲಿ ಈ ಲಯ ಸೆಕೆಂಡಿಗೆ 4 ಕೋಟಿ ಸಲ. ಚಿಪ್ಪಿನ ಮಂಡಲಗಳು ಅದನ್ನು 60 ಪಟ್ಟು ಹಿಗ್ಗಿಸಿದರೆ 240 ಕೋಟಿ, ಅಂದರೆ 2.4 ಗಿಗಾಹರ್ಟ್ಸ್ ಅಲೆ ತಯಾರು. ಆದರೆ ಯಾವ ಕಾರ್ಖಾನೆಯೂ ಕರಾರುವಾಕ್ಕಾಗಿ 4 ಕೋಟಿಗೇ ನಡುಗುವ ಹರಳನ್ನು ಕೊಯ್ಯಲಾರದು. ಕೊಯ್ದ ಕೋನ, ಉಜ್ಜಿದ ದಪ್ಪ, ಮೇಲೆ ಹಚ್ಚಿದ ಲೋಹದ ಲೇಪ, ಎಲ್ಲದರಲ್ಲೂ ಕೂದಲೆಳೆಯ ವ್ಯತ್ಯಾಸ. 4 ಕೋಟಿಯಲ್ಲಿ 400ರಷ್ಟು ಹೆಚ್ಚುಕಮ್ಮಿಯಾದರೆ, ಅಂದರೆ 10 ಲಕ್ಷಕ್ಕೆ ಬರೀ 10 ತಪ್ಪಿದರೆ, ಹೊರಬೀಳುವ ಅಲೆಯಲ್ಲಿ ಅದು 24,000 ಹರ್ಟ್ಸ್‌ಗಳ ಸರಿತವಾಗುತ್ತದೆ. ಈ 2.4 ಗಿಗಾಹರ್ಟ್ಸ್ ಪಟ್ಟೆಯಲ್ಲಿ 10 ಲಕ್ಷಕ್ಕೆ 25ರವರೆಗಿನ ತಪ್ಪನ್ನು ವೈ-ಫೈ ನಿಯಮಗಳು ಒಪ್ಪುತ್ತವೆ. ಸಂದೇಶ ಪಡೆಯುವ ಯಂತ್ರವು ಸರಿತವನ್ನು ಅಳೆದು, ಸರಿಪಡಿಸಿಕೊಂಡು, ಆ ಅಳತೆಯನ್ನು ಬಿಸಾಡುತ್ತದೆ. ಅದು ಬಿಸಾಡುವ ಆ ಅಂಕಿಯನ್ನೇ ಬೆರಳಚ್ಚು ಹುಡುಕುವವರು ಜೋಪಾನವಾಗಿ ಎತ್ತಿಟ್ಟುಕೊಳ್ಳುತ್ತಾರೆ.

ಇನ್ನೊಂದು ಕುಂದು ಹೀಗಿದೆ. ಇಂದಿನ ಚಿಪ್ಪು ಒಂದೇ ಅಲೆಯ ಎರಡು ಪ್ರತಿಗಳನ್ನು ಮಾಡಿ, ಎರಡನೆಯದನ್ನು ಕಾಲು ಸುತ್ತು ಹಿಂದಕ್ಕೆ ಸರಿಸಿ, ಎರಡರ ಮೇಲೂ ಮಾಹಿತಿ ಹೇರಿ, ಕೂಡಿಸಿ ಕಳಿಸುತ್ತದೆ. ಎರಡರ ಬಲವೂ ಸಮ ಇರಬೇಕು, ನಡುವಿನ ಕೋನ ಸರಿಯಾಗಿ 90 ಡಿಗ್ರಿ ಇರಬೇಕು. ಇರುವುದಿಲ್ಲ. ಒಂದು ತುಸು ಜಬರು, ಇನ್ನೊಂದು ತುಸು ಸಪ್ಪೆ, ಕೋನವೂ ತುಸು ಓರೆ. ಕೊನೆಯಲ್ಲಿ ಬಲ ಹೆಚ್ಚಿಸುವ ಆಂಪ್ಲಿಫೈಯರ್ ದೊಡ್ಡ ಏರಿಳಿತಗಳನ್ನು ತನ್ನದೇ ರೀತಿಯಲ್ಲಿ ಕುಗ್ಗಿಸುತ್ತದೆ. ಯಂತ್ರ ಬಾಯಿ ತೆರೆಯುವ ಮೊದಲ ಕೆಲವು ಮೈಕ್ರೊಸೆಕೆಂಡುಗಳ ಏರುವಿಕೆಯೂ ಒಂದರಂತೆ ಇನ್ನೊಂದರದಲ್ಲ. ಈ ಕುಂದುಗಳಲ್ಲಿ ಒಂದೊಂದೂ ಬೇರೆ ಬೇರೆಯಾಗಿ ಹಲವು ಫೋನುಗಳಲ್ಲಿ ಸಿಕ್ಕೀತು. ಅಷ್ಟೂ ಒಟ್ಟಿಗೆ ಹೊಂದುವ ಎರಡು ಫೋನು ಸಿಗುವುದು ಕಷ್ಟ.

ಹೇಳಿಕೊಂಡ ಹೆಸರನ್ನು ನಂಬಿ ಮೋಸ ಹೋದ ಒಂದು ದೊಡ್ಡ ಪ್ರಸಂಗ ನಡೆದದ್ದು ಮೊದಲ ಮಹಾಯುದ್ಧದಲ್ಲಿ, 1916ರ ಮೇ 31ರಂದು. ಜರ್ಮನಿಯ ನೌಕಾಪಡೆಯ ಮುಖ್ಯಸ್ಥ ಶೇರ್ ಬಂದರಿನಲ್ಲಿದ್ದಾಗ ಬಳಸುತ್ತಿದ್ದ ರೇಡಿಯೊ ಹೆಸರು ‘ಡಿಕೆ’. ಕಡಲಿಗೆ ಇಳಿಯುವಾಗ ಆತ ಅದನ್ನು ವಿಲ್ಹೆಲ್ಮ್ಸ್‌ಹಾವೆನ್ ದಡದ ಕೇಂದ್ರಕ್ಕೆ ವಹಿಸಿ ಹೋಗುತ್ತಿದ್ದ. ಲಂಡನ್ನಿನ ನೌಕಾ ಅಧಿಕಾರಿ ತಮ್ಮ ಗೂಢಲಿಪಿ ತಜ್ಞರನ್ನು ‘ಡಿಕೆ ಎಲ್ಲಿದೆ’ ಎಂದಷ್ಟೇ ಕೇಳಿದರು. ‘ಬಂದರಿನಲ್ಲಿ’ ಎಂಬ ಉತ್ತರ ಬಂತು. ಕೇಳಿದ್ದಕ್ಕೆ ಅದು ಸರಿಯಾದ ಉತ್ತರವೇ. ಜರ್ಮನ್ ಮುಖ್ಯಸ್ಥ ಇನ್ನೂ ಹೊರಟಿಲ್ಲ ಎಂಬ ಸುದ್ದಿ ಬ್ರಿಟಿಷ್ ದಳಪತಿ ಜೆಲ್ಲಿಕೊಗೆ ಹೋಯಿತು. ಕೆಲವೇ ಗಂಟೆಗಳಲ್ಲಿ ಅದೇ ಜರ್ಮನ್ ಪಡೆ ಎದುರಿಗೆ ಬಂತು. ಜಟ್‌ಲ್ಯಾಂಡ್ ಕಾಳಗದಲ್ಲಿ ಎರಡೂ ಕಡೆ ಸೇರಿ 8,500ಕ್ಕೂ ಹೆಚ್ಚು ಜನ ಸತ್ತರು.

ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಪಾಠ ಕಲಿತಿದ್ದರು. ಮೋರ್ಸ್ ಕೀಲಿ ಒತ್ತುವ ಕೈಯ ಚಾಳಿಯನ್ನು ಕಾಗದದ ಪಟ್ಟಿಯ ಮೇಲೆ ದಾಖಲಿಸಿ, ಒತ್ತಿದವನು ಯಾರೆಂದು ಊಹಿಸುತ್ತಿದ್ದರು. ಟ್ರಾನ್ಸ್‌ಮಿಟರಿನ ಅಲೆಯನ್ನೇ ಪರದೆಯ ಮೇಲೆ ಮೂಡಿಸಿ ಫೋಟೊ ತೆಗೆದು, ಯಂತ್ರ ಯಾವುದೆಂದು ಹೋಲಿಸುತ್ತಿದ್ದರು. ಈ ವಿದ್ಯೆ ಪೇಟೆಗೆ ಬಂದದ್ದು 1990ರ ದಶಕದಲ್ಲಿ. ಅಮೆರಿಕದ ಹಳೆಯ ಅನಲಾಗ್ ಮೊಬೈಲುಗಳು ತಮ್ಮ ಗುರುತಿನ ಸಂಖ್ಯೆಯನ್ನು ಬಹಿರಂಗವಾಗಿ ಕೂಗಿ ಹೇಳುತ್ತಿದ್ದವು. ಕಳ್ಳರು ಹೆದ್ದಾರಿಯ ಬದಿಗೆ ನಿಂತು ಅವನ್ನು ಹಿಡಿದು, ಬೇರೆ ಫೋನಿಗೆ ತುಂಬಿ, ಬಿಲ್ಲನ್ನು ಅಸಲಿ ಗ್ರಾಹಕರ ತಲೆಗೆ ಕಟ್ಟುತ್ತಿದ್ದರು. ಆಗ ಕಾರ್ಸೇರ್ ಎಂಬ ಕಂಪನಿ ಗೋಪುರಗಳಲ್ಲಿ ಅಳವಡಿಸಿದ ಫೋನ್‌ಪ್ರಿಂಟ್ ಎಂಬ ವ್ಯವಸ್ಥೆ, ಸಂಖ್ಯೆ ಸರಿಯಿದ್ದರೂ ಅಲೆಯ ಚಹರೆ ಹೊಂದದಿದ್ದರೆ ಕರೆಯನ್ನು ಕತ್ತರಿಸುತ್ತಿತ್ತು. 2008ರಲ್ಲಿ ವಿಸ್ಕಾನ್ಸಿನ್ ಮತ್ತು ರಟ್ಗರ್ಸ್ ವಿಶ್ವವಿದ್ಯಾಲಯಗಳ ಸಂಶೋಧಕರು ಒಂದೇ ಮಾದರಿಯ 130ಕ್ಕೂ ಹೆಚ್ಚು ವೈ-ಫೈ ಕಾರ್ಡುಗಳನ್ನು ಶೇ 99ಕ್ಕೂ ಹೆಚ್ಚು ನಿಖರವಾಗಿ ಬೇರ್ಪಡಿಸಿ ತೋರಿಸಿದರು.

ಕನ್ನಡನಾಡಿಗೂ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನ ಡೇರ್ ಪ್ರಯೋಗಾಲಯ ರೂಪಿಸಿ, ಅಲ್ಲಿಯದೇ ಬಿಇಎಲ್ ತಯಾರಿಸಿದ ‘ತರಂಗ್’ ಎಂಬ ಉಪಕರಣ ನಮ್ಮ ಸುಖೋಯ್-30 ವಿಮಾನಗಳಲ್ಲಿ ಕೂತಿದೆ. ವಿಮಾನದ ಮೈಮೇಲೆ ಬಿದ್ದ ರೇಡಾರ್ ಅಲೆಯ ಆವರ್ತನ, ಮಿಡಿತದ ಅಗಲ, ಮಿಡಿತಗಳ ನಡುವಿನ ಬಿಡುವು, ಇವನ್ನು ತನ್ನ ಸಂಗ್ರಹದೊಂದಿಗೆ ತಾಳೆ ನೋಡಿ ಅದು ಯಾವ ಜಾತಿಯ ರೇಡಾರ್ ಎಂದು ಪೈಲಟ್‌ಗೆ ಹೇಳುತ್ತದೆ. ರೇಡಾರ್ ತನ್ನ ಹೆಸರು ಹೇಳುವುದಿಲ್ಲ. ಹೇಳಿದರೂ ಶತ್ರುವಿನ ಮಾತನ್ನು ಯಾರೂ ನಂಬುವುದಿಲ್ಲ.

ತಳಕಲ್ಲಿಗೆ ಇನ್ನೂ ಹತ್ತಿರದ ನಂಟು ರೈಲಿನದು. ಹುಬ್ಬಳ್ಳಿ–ಗುಂತಕಲ್ ಹಳಿಯಿಂದ ಗದಗ–ವಾಡಿ ಹೊಸ ಮಾರ್ಗ ಕವಲೊಡೆಯುವುದು ಇಲ್ಲೇ. 2025ರ ಮೇ ತಿಂಗಳಲ್ಲಿ ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿಯವರೆಗೆ ರೈಲು ಓಡಿತು. ಆ ಹಳಿ ಕೊನೆಗೆ ಮುಟ್ಟಬೇಕಾದ ವಾಡಿಯ ಭಾಗದಲ್ಲೇ, ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ವಲಯದಲ್ಲಿ, ಕವಚ್ ಎಂಬ ಡಿಕ್ಕಿ ತಡೆ ವ್ಯವಸ್ಥೆಯನ್ನು 2016ರಿಂದ ಪ್ರಯಾಣಿಕರ ರೈಲುಗಳಲ್ಲಿ ಪರೀಕ್ಷಿಸಲಾಯಿತು. ಸ್ಲೀಪರುಗಳಿಗೆ ಬಿಗಿದ ಆರ್‌ಎಫ್‌ಐಡಿ ಬಿಲ್ಲೆಗಳು ರೈಲು ಎಲ್ಲಿದೆ ಎಂದು ಹೇಳುತ್ತವೆ. ಎಂಜಿನ್ನೂ ನಿಲ್ದಾಣವೂ ರೇಡಿಯೊದಲ್ಲಿ ಮಾತಾಡಿಕೊಳ್ಳುತ್ತವೆ. ಕೆಂಪು ಸಿಗ್ನಲ್ ದಾಟುವ ಚಾಲಕನ ಕೈಯಿಂದ ಬ್ರೇಕನ್ನು ಕಸಿದುಕೊಳ್ಳುವ ಈ ವ್ಯವಸ್ಥೆಗೆ, ಮಾತಾಡುತ್ತಿರುವುದು ನಿಜವಾದ ನಿಲ್ದಾಣವೇ ಎಂಬುದು ಪ್ರಾಣದ ಪ್ರಶ್ನೆ. ಅದನ್ನು ಕಾಯುವುದು ಗುಪ್ತ ಕೀಲಿಗಳ ಲೆಕ್ಕ. ಅಲೆಯ ಚಹರೆ ಆ ಕೀಲಿಯ ಜಾಗ ತುಂಬಲಾರದು, ಯಾಕೆಂದರೆ ಉತ್ತಮ ಉಪಕರಣ ಇದ್ದವರು ಅಲೆಯ ಚಹರೆಯನ್ನೂ ಸಾಕಷ್ಟು ಮಟ್ಟಿಗೆ ಅನುಕರಿಸಬಲ್ಲರು. ಕೀಲಿ ಕದ್ದವನನ್ನು ತಡೆಯುವ ಎರಡನೇ ಅಗುಳಿಯಾಗಿ ಮಾತ್ರ ಅದು ಉಪಯೋಗಕ್ಕೆ ಬಂದೀತು. ಎರಡನೇ ಅಗುಳಿ ಇರುವುದು ಒಳ್ಳೆಯದೇ ಎಂಬುದು ನನ್ನ ಅಭಿಪ್ರಾಯ.

ಆದರೆ ಇದೇ ವಿದ್ಯೆಯ ಇನ್ನೊಂದು ಮುಖ ನನ್ನನ್ನು ಕಾಡುತ್ತದೆ. ಕೋವಿಡ್ ಕಾಲದಲ್ಲಿ ಆರೋಗ್ಯ ಸೇತುವಿಗಾಗಿ ನಾವೆಲ್ಲ ಬ್ಲೂಟೂತ್ ಹಚ್ಚಿಟ್ಟುಕೊಂಡೆವು. ಇಂದು ವಾಚು, ಇಯರ್‌ಬಡ್‌ಗಳಿಗಾಗಿ ಅದು ಹಗಲಿಡೀ ಹೊತ್ತಿರುತ್ತದೆ. ನಮ್ಮನ್ನು ಯಾರೂ ಹಿಂಬಾಲಿಸಬಾರದೆಂದು ಫೋನು ತನ್ನ ಬ್ಲೂಟೂತ್ ವಿಳಾಸವನ್ನು ಆಗಾಗ ಬದಲಿಸುತ್ತದೆ. ಹೆಸರು ಬದಲಾದರೂ ಕೊರಳು ಬದಲಾಗುವುದಿಲ್ಲವಲ್ಲ. 2022ರಲ್ಲಿ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಕಾಫಿ ಅಂಗಡಿಯಂಥ ಜಾಗಗಳಲ್ಲಿ 162 ಸಾಧನಗಳ ಅಲೆ ಹಿಡಿದು ನೋಡಿತು. ಶೇ 40ರಷ್ಟು ಸಾಧನಗಳು ಬೇರೆ ಯಾವುದರೊಂದಿಗೂ ಬೆರೆಯದೆ ಗುರುತಿಗೆ ಸಿಕ್ಕವು. ಇನ್ನೊಂದು ಕಡೆ 647 ಸಾಧನಗಳಲ್ಲಿ ಶೇ 47ರಷ್ಟು ಹಾಗೇ ಸಿಕ್ಕವು. ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಇದನ್ನು ಆರಿಸುವ ಗುಂಡಿ ಇಲ್ಲ. ಫೋನು ಬಳಸುವವರ ಕೈಯಲ್ಲಿ ಏನೂ ಇಲ್ಲದ ಇಂಥ ವಿಷಯಗಳಲ್ಲಿ ತಯಾರಕರು ಹೊಣೆ ಹೊರಲೇಬೇಕು. ಮದ್ದು ಇಲ್ಲವೆನ್ನುವಂತೆಯೂ ಇಲ್ಲ. ಅಲೆಯ ಸರಿತವನ್ನು ಚಿಪ್ಪಿನ ತಂತ್ರಾಂಶವೇ ಬೇಕೆಂದು ಆಚೀಚೆ ತಳ್ಳಿ ಚಹರೆ ಮಸುಕಾಗಿಸುವ ದಾರಿಯನ್ನು ಅದೇ ವಿಶ್ವವಿದ್ಯಾಲಯದವರು 2024ರಲ್ಲಿ ಮುಂದಿಟ್ಟಿದ್ದಾರೆ.

ಇದನ್ನೆಲ್ಲ ಕಣ್ಣಾರೆ ನೋಡಲು ಬೆಂಗಳೂರಿಗೆ ಹೋಗಬೇಕಿಲ್ಲ. ಟಿವಿ ನೋಡಲೆಂದು ತಯಾರಾದ ಪೆನ್‌ಡ್ರೈವ್ ಗಾತ್ರದ ಒಂದು ಕಡ್ಡಿ ಸಾಕು. ಅದರ ಚಿಪ್ಪು ಬರೀ ಟಿವಿಯಲ್ಲ, ಬೇರೆ ಹಲವು ಬಗೆಯ ಅಲೆಗಳನ್ನೂ ಹಸಿಯಾಗಿಯೇ ಲ್ಯಾಪ್‌ಟಾಪಿಗೆ ಕೊಡಬಲ್ಲದು ಎಂಬುದು 2012ರ ಸುಮಾರಿಗೆ ಹವ್ಯಾಸಿಗಳಿಗೆ ಗೊತ್ತಾಯಿತು. 2.4 ಗಿಗಾಹರ್ಟ್ಸ್ ಅದರ ಕಿವಿಗೆ ನಿಲುಕದು. ಮನೆಯ ವೈರ್‌ಲೆಸ್ ಕಾಲಿಂಗ್ ಬೆಲ್ಲು, ಬೈಕಿನ ಅಲಾರಂ ರಿಮೋಟುಗಳ 433.92 ಮೆಗಾಹರ್ಟ್ಸ್ ಸಲೀಸಾಗಿ ನಿಲುಕುತ್ತದೆ. ಒಂದೇ ಕಂಪನಿಯ, ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ರಿಮೋಟು ಒತ್ತಿ ನೋಡಿ. ಪರದೆಯ ಮೇಲೆ ಮೇಲಿನಿಂದ ಕೆಳಗೆ ಹರಿಯುವ ನೀಲಿ ಪಟ್ಟಿಯಲ್ಲಿ ಎರಡು ಹಳದಿ ಗೆರೆ ಮೂಡುತ್ತವೆ. ಒಂದರ ಜಾಗದಲ್ಲಿ ಇನ್ನೊಂದು ಬರುವುದು ಅಪರೂಪ. ನಡುವೆ ಕೆಲವು ಸಾವಿರ ಹರ್ಟ್ಸ್‌ಗಳ ಅಂತರ ಬರಿಗಣ್ಣಿಗೇ ಕಾಣುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಕೇಳುವ ಕಡ್ಡಿಯೊಳಗೂ ಒಂದು ಹರಳಿದೆ, ಅದೂ ತಪ್ಪುತ್ತದೆ. ಹಾಗಾಗಿ ಪರದೆಯ ಮೇಲಿನ ಅಂಕಿಯನ್ನು ನೇರ ನಂಬದೆ, ಒಂದೇ ಕಡ್ಡಿಯಲ್ಲಿ ಒಂದೇ ಹೊತ್ತಿಗೆ ಎರಡನ್ನೂ ಅಳೆದು ವ್ಯತ್ಯಾಸವನ್ನಷ್ಟೇ ಬರೆದುಕೊಳ್ಳಬೇಕು.

ತಳಕಲ್ಲಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯ ಹುಡುಗ ಹುಡುಗಿಯರು ಮಾಡಬಹುದಾದ, ಈ ಸೀಮೆಗೇ ಹೇಳಿ ಮಾಡಿಸಿದ ಒಂದು ಪ್ರಯೋಗ ನನಗೆ ತೋಚುತ್ತದೆ. ಹರಳಿನ ಲಯ ಶಾಖಕ್ಕೆ ಅಲುಗುತ್ತದೆ. ಆಟ ಆಡಿ ಬಿಸಿಯಾದ ಫೋನಿನ ಚಹರೆ ತಣ್ಣಗಿದ್ದಾಗಿನಂತೆ ಇರುವುದಿಲ್ಲವೆಂದು ಸ್ಯಾನ್ ಡಿಯೇಗೊದವರೂ ಕಂಡಿದ್ದರು. ಆದರೆ ಅದು ಕಡಲ ತಡಿಯ ತಂಪು ಊರು. ಕೊಪ್ಪಳದ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ಮುಟ್ಟುತ್ತದೆ, ಬಿಸಿಲಿಗೆ ನಿಂತ ಸ್ಟಾರ್ಟರ್ ಪೆಟ್ಟಿಗೆಯ ಒಳಗೆ ಅದಕ್ಕಿಂತ ಹೆಚ್ಚು. ಹತ್ತಿಪ್ಪತ್ತು ರಿಮೋಟುಗಳಿಗೆ ನಂಬರು ಬರೆದ ಚೀಟಿ ಅಂಟಿಸಿ, ಮಾಗಿಯ ಬೆಳಗಿನಿಂದ ಹಿಡಿದು ಮೇ ತಿಂಗಳ ಮಧ್ಯಾಹ್ನದವರೆಗೆ ವಾರಕ್ಕೊಮ್ಮೆ, ಪಕ್ಕದಲ್ಲೊಂದು ಥರ್ಮಾಮೀಟರ್ ಇಟ್ಟು ಅಳೆದು, ಒಂದು ವಹಿಯಲ್ಲಿ ಬರೆಯುತ್ತ ಹೋಗಬೇಕು. ಕೇಳುವ ಕಡ್ಡಿಯನ್ನು ಮಾತ್ರ ನೆರಳಿನಲ್ಲಿ, ಆದಷ್ಟು ಒಂದೇ ಶಾಖದಲ್ಲಿ ಇಡಬೇಕು. ಡಿಸೆಂಬರಿನಲ್ಲಿ ಬೇರೆ ಬೇರೆ ನಿಂತಿದ್ದ ಗೆರೆಗಳು ಮೇ ತಿಂಗಳಲ್ಲಿ ಎಷ್ಟು ಸರಿದವು, ಯಾವುದು ಯಾವುದರ ಜಾಗಕ್ಕೆ ಬಂತು, ಶಾಖದ ಅಂಕಿಯನ್ನು ಲೆಕ್ಕಕ್ಕೆ ಹಿಡಿದರೆ ಮತ್ತೆ ಬೇರ್ಪಡಿಸಲು ಬರುತ್ತದೆಯೇ ಎಂಬುದನ್ನು ಆ ವಹಿಯಿಂದಲೇ ಓದಿ ತೆಗೆಯಬಹುದು.