ಹಳಿಯ ಬದಿಯ ಛಾಯಾಚಿತ್ರಗಳು

ಒಂದು ರಾಷ್ಟ್ರದ ಶೋಕವನ್ನು ಸಾಮಾನ್ಯ ಜನರ ಕ್ಯಾಮರಾಗಳು ಉಳಿಸಿಕೊಂಡ ಬಗೆ

೧೯೬೮ನೆಯ ಇಸವಿ ಜೂನ್ ತಿಂಗಳ ೮ನೆಯ ತಾರೀಖು, ಶನಿವಾರ. ಅಮೆರಿಕದ ನ್ಯೂಯಾರ್ಕ್ ನಗರದ ಪೆನ್ಸಿಲ್ವೇನಿಯಾ ನಿಲ್ದಾಣದಿಂದ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ವಿಶೇಷ ರೈಲೊಂದು ರಾಜಧಾನಿ ವಾಷಿಂಗ್ಟನ್ನಿನ ಕಡೆಗೆ ಹೊರಟಿತು. ಇಪ್ಪತ್ತೊಂದು ಗಾಡಿಗಳ ಆ ರೈಲಿನ ಕಟ್ಟಕಡೆಯ ಗಾಡಿಯಲ್ಲಿ ಸೆನೆಟರ್ ರಾಬರ್ಟ್ ಕೆನೆಡಿಯವರ ಪಾರ್ಥಿವ ಶರೀರವಿತ್ತು. ಮೂರು ದಿನಗಳ ಹಿಂದೆ, ಕ್ಯಾಲಿಫೋರ್ನಿಯದ ಪ್ರಾಥಮಿಕ ಚುನಾವಣೆಯಲ್ಲಿ ಗೆದ್ದ ರಾತ್ರಿಯೇ, ಲಾಸ್ ಏಂಜಲೀಸ್ ನಗರದ ಹೋಟೆಲೊಂದರಲ್ಲಿ ಅವರು ಗುಂಡಿಗೆ ಗುರಿಯಾಗಿದ್ದರು. ಮರುದಿನ, ಜೂನ್ ೬ರಂದು, ಪ್ರಾಣ ಬಿಟ್ಟಾಗ ಅವರಿಗೆ ನಲವತ್ತೆರಡು ವರ್ಷ ವಯಸ್ಸು.

ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ಸುಮಾರು ೨೨೫ ಮೈಲಿ. ಆ ಕಾಲದಲ್ಲಿ ನಾಲ್ಕು ಗಂಟೆಗಳ ಪ್ರಯಾಣ. ಅಂದು ಅದಕ್ಕೆ ಎಂಟು ಗಂಟೆಗಳು ಹಿಡಿದವು. ದಾರಿಯುದ್ದಕ್ಕೂ ಜನ ಕಿಕ್ಕಿರಿದು ನಿಂತಿದ್ದುದೇ ಇದಕ್ಕೆ ಕಾರಣ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಡೆಲವೇರ್, ಮೇರಿಲೆಂಡ್ ಸಂಸ್ಥಾನಗಳ ಊರೂರುಗಳಲ್ಲಿಯೂ, ಕಾರ್ಖಾನೆಗಳ ಹಿತ್ತಲುಗಳಲ್ಲಿಯೂ, ಸೇತುವೆಗಳ ಮೇಲೆಯೂ ಬಿಸಿಲಿನಲ್ಲಿ ಗಂಟೆಗಟ್ಟಲೆ ಕಾದವರ ಸಂಖ್ಯೆ ಹತ್ತು ಲಕ್ಷಕ್ಕೆ ಕಡಿಮೆಯಿರಲಿಲ್ಲವೆಂದು ಅಂದಾಜು ಮಾಡಲಾಗಿದೆ. ಕರಿಯರು, ಬಿಳಿಯರು, ಸನ್ಯಾಸಿನಿಯರು, ಸಮವಸ್ತ್ರ ತೊಟ್ಟ ನಿವೃತ್ತ ಸೈನಿಕರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆಯರು—ಇವರೆಲ್ಲರೂ ಒಬ್ಬರ ಪಕ್ಕದಲ್ಲೊಬ್ಬರು ನಿಂತಿದ್ದರು. ಹೊರಗೆ ನಿಂತವರಿಗೆ ಶವಪೆಟ್ಟಿಗೆ ಕಾಣುತ್ತಿಲ್ಲವೆಂದು ತಿಳಿದಾಗ ಅದನ್ನು ಕುರ್ಚಿಗಳ ಮೇಲೆ ಎತ್ತಿ ಇರಿಸಲಾಯಿತು.

ಆ ಜನಸಮೂಹದಲ್ಲಿ ಎಷ್ಟೋ ಮಂದಿಯ ಕೈಯಲ್ಲಿ ಪುಟ್ಟ ಕ್ಯಾಮರಾಗಳಿದ್ದವು. ರೈಲು ಹತ್ತಿರ ಬಂದಾಗ ಅವರು ಗುಂಡಿಯೊತ್ತಿದರು. ಕ್ಷಣಾರ್ಧದಲ್ಲಿ ರೈಲು ಸಾಗಿಹೋಯಿತು. ಆ ಚಿತ್ರಗಳು ಮನೆಮನೆಯ ಆಲ್ಬಮ್ಮುಗಳನ್ನೂ ಕಪಾಟಿನೊಳಗಿನ ರಟ್ಟಿನ ಪೆಟ್ಟಿಗೆಗಳನ್ನೂ ಸೇರಿ, ಅರ್ಧ ಶತಮಾನದಷ್ಟು ಕಾಲ ಅಲ್ಲಿಯೇ ಉಳಿದವು.

ಡಲ್ಲಾಸಿನ ಇಪ್ಪತ್ತಾರು ಸೆಕೆಂಡುಗಳು

ರಾಷ್ಟ್ರದ ದುರಂತವೊಂದು ಹವ್ಯಾಸಿಯ ಕ್ಯಾಮರಾದಲ್ಲಿ ಸೆರೆಯಾದದ್ದು ಅದೇ ಮೊದಲಲ್ಲ. ಐದು ವರ್ಷಗಳ ಹಿಂದೆ, ೧೯೬೩ರ ನವೆಂಬರ್ ೨೨ರಂದು, ರಾಬರ್ಟರ ಅಣ್ಣ, ಅಧ್ಯಕ್ಷ ಜಾನ್ ಕೆನೆಡಿ ಡಲ್ಲಾಸ್ ನಗರದಲ್ಲಿ ಹತರಾದಾಗ ಅದನ್ನು ಅತ್ಯಂತ ಸಂಪೂರ್ಣವಾಗಿ ಚಿತ್ರಿಸಿದವನು ಯಾವ ಪತ್ರಿಕೆಯ ಛಾಯಾಗ್ರಾಹಕನೂ ಅಲ್ಲ. ಹೆಂಗಸರ ಉಡುಪುಗಳನ್ನು ತಯಾರಿಸುತ್ತಿದ್ದ ಅಬ್ರಹಾಂ ಜಪ್ರೂಡರ್ ಎಂಬ ವ್ಯಾಪಾರಿ. ಬೆಳಿಗ್ಗೆ ಮೋಡ ಕವಿದಿದ್ದುದರಿಂದ ಆತ ತನ್ನ ಎಂಟು ಮಿಲಿಮೀಟರಿನ ಚಲನಚಿತ್ರ ಕ್ಯಾಮರಾವನ್ನು ಮನೆಯಲ್ಲಿಯೇ ಬಿಟ್ಟು ಬಂದಿದ್ದ. ಕಚೇರಿಯ ಸಹಾಯಕಿಯ ಒತ್ತಾಯಕ್ಕೆ ಮಣಿದು ಹಿಂದಿರುಗಿ ಹೋಗಿ ತಂದ. ಎತ್ತರದಲ್ಲಿ ನಿಂತರೆ ತಲೆ ಸುತ್ತುವ ತೊಂದರೆಯಿದ್ದ ಆತ ಕಾಂಕ್ರೀಟಿನ ಕಟ್ಟೆಯೊಂದನ್ನು ಏರಿದಾಗ, ಅದೇ ಕಚೇರಿಯ ಇನ್ನೊಬ್ಬ ಉದ್ಯೋಗಿನಿ ಹಿಂದಿನಿಂದ ಹಿಡಿದುಕೊಂಡಳು. ಹಾಗೆ ನಿಂತು ಆತ ತೆಗೆದದ್ದು ಇಪ್ಪತ್ತಾರು ಸೆಕೆಂಡುಗಳ, ೪೮೬ ಚೌಕಟ್ಟುಗಳ ಒಂದು ಸುರುಳಿ.

ಆ ಸುರುಳಿಯ ಮುಂದಿನ ಕಥೆ ವಿಚಿತ್ರವಾದುದು. 'ಲೈಫ್' ಪತ್ರಿಕೆ ಅದನ್ನು ಒಂದೂವರೆ ಲಕ್ಷ ಡಾಲರುಗಳಿಗೆ ಕೊಂಡುಕೊಂಡಿತು. ಅದರ ಮೊದಲ ಕಂತಿನ ೨೫,೦೦೦ ಡಾಲರುಗಳನ್ನು ಜಪ್ರೂಡರ್ ಅದೇ ದಿನ ಹತನಾದ ಪೊಲೀಸ್ ಅಧಿಕಾರಿಯ ವಿಧವೆಗೆ ಕೊಟ್ಟುಬಿಟ್ಟ. ಅಧ್ಯಕ್ಷರ ತಲೆಗೆ ಗುಂಡು ತಗಲಿದ ೩೧೩ನೆಯ ಚೌಕಟ್ಟನ್ನು ಮಾತ್ರ ಪ್ರಕಟಿಸಕೂಡದೆಂಬುದು ಆತನ ಕೋರಿಕೆಯಾಗಿತ್ತು. ಹತ್ಯೆಯನ್ನು ವಿಚಾರಿಸಿದ ವಾರನ್ ಆಯೋಗಕ್ಕೆ ಅದು ಮುಖ್ಯ ಸಾಕ್ಷ್ಯವಾಯಿತು. ಆದರೆ ಅಮೆರಿಕದ ಜನಸಾಮಾನ್ಯರು ಆ ಸುರುಳಿ ಓಡುವುದನ್ನು ದೂರದರ್ಶನದಲ್ಲಿ ಕಂಡದ್ದು ೧೯೭೫ರ ಮಾರ್ಚಿಯಲ್ಲಿ, ಘಟನೆ ನಡೆದು ಹನ್ನೊಂದು ವರ್ಷಗಳು ಕಳೆದ ಮೇಲೆ. ೧೯೯೯ರಲ್ಲಿ ಸರ್ಕಾರ ಮೂಲ ಸುರುಳಿಗಾಗಿ ಆತನ ಕುಟುಂಬಕ್ಕೆ ಒಂದು ಕೋಟಿ ಅರವತ್ತು ಲಕ್ಷ ಡಾಲರುಗಳನ್ನು ಕೊಡಬೇಕೆಂದು ಪಂಚಾಯಿತಿ ತೀರ್ಮಾನಿಸಿತು.

ಹೀಗೆ ಒಬ್ಬ ಹವ್ಯಾಸಿಯ ಚಿತ್ರ ಸಾಕ್ಷ್ಯವಾಯಿತು, ಸರಕಾಯಿತು, ವಿವಾದದ ವಸ್ತುವಾಯಿತು. ಆದರೆ ಅದು ಸ್ಮರಣೆಯಾಯಿತೇ? ಕೊಲೆಯ ಕ್ಷಣವನ್ನು ಮತ್ತೆ ಮತ್ತೆ ನೋಡುವುದರಿಂದ ಸತ್ತವನು ನೆನಪಿನಲ್ಲಿ ಉಳಿಯುವುದಕ್ಕಿಂತ, ಅವನ ಸಾವು ಮಾತ್ರ ಉಳಿಯುತ್ತದೆ. ತನ್ನ ಪಾಲಿಗೆ ಬಂದ ಆ ಚಿತ್ರವನ್ನು ಜಪ್ರೂಡರ್ ಭಾರವೆಂದೇ ಭಾವಿಸಿದ್ದನೆಂಬುದಕ್ಕೆ ೩೧೩ನೆಯ ಚೌಕಟ್ಟನ್ನು ಕುರಿತ ಆತನ ಕೋರಿಕೆಯೇ ನಿದರ್ಶನ.

ಗಾಡಿಯೊಳಗಿನಿಂದ ಕಂಡದ್ದು

ರಾಬರ್ಟ್ ಕೆನೆಡಿಯವರ ಅಂತಿಮ ಯಾತ್ರೆಯ ಚಿತ್ರಗಳ ಪರಿಯೇ ಬೇರೆ. ಆ ರೈಲಿನಲ್ಲಿ 'ಲುಕ್' ಪತ್ರಿಕೆಯ ಛಾಯಾಗ್ರಾಹಕ ಪಾಲ್ ಫುಸ್ಕೋ ಇದ್ದರು. ಕಿಟಕಿಯಿಂದ ಹೊರಗೆ ನೋಡಿದಾಗ ಕಂಡ ಜನರನ್ನು ಅವರು ದಾರಿಯುದ್ದಕ್ಕೂ ಚಿತ್ರಿಸುತ್ತ ಹೋದರು. ವಾಷಿಂಗ್ಟನ್ ತಲಪುವ ವೇಳೆಗೆ ಕತ್ತಲಾಗಿತ್ತು. ಸುಮಾರು ಎರಡು ಸಾವಿರ ಬಣ್ಣದ ಚಿತ್ರಗಳು ಸಿದ್ಧವಾಗಿದ್ದವು. 'ಲುಕ್' ಅವುಗಳನ್ನು ಬಳಸಲಿಲ್ಲ. ೧೯೭೧ರಲ್ಲಿ ಪತ್ರಿಕೆಯೇ ನಿಂತುಹೋಗಿ, ಅದರ ಭಂಡಾರ ಅಮೆರಿಕದ ಸಂಸತ್ತಿನ ಗ್ರಂಥಾಲಯಕ್ಕೆ ಸೇರಿತು. ದುರಂತದ ಮೂವತ್ತನೆಯ ವರ್ಷದಲ್ಲಿ, ೧೯೯೮ರಲ್ಲಿ, ಅವುಗಳಲ್ಲಿ ಕೆಲವು ಮೊದಲ ಬಾರಿಗೆ ಬೆಳಕು ಕಂಡವು. ಬಳಿಕ ಪುಸ್ತಕರೂಪದಲ್ಲಿಯೂ ಬಂದು ಲೋಕಪ್ರಸಿದ್ಧವಾದವು.

ಆ ಚಿತ್ರಗಳನ್ನು ಎಲ್ಲರೂ ಮೆಚ್ಚಿ ನೋಡಿದರು. ಆದರೆ ರೈನ್ ಯೆಲ್ಲೆ ಟೆರ್ಪ್‌ಸ್ಟ್ರಾ ಎಂಬ ಹಾಲೆಂಡಿನ ಕಲಾವಿದರೊಬ್ಬರು ಅವುಗಳಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಿದರು: ಫುಸ್ಕೋ ಅವರ ಕ್ಯಾಮರಾದ ಎದುರು ನಿಂತ ಹಲವರು ತಾವೂ ಕಣ್ಣಿಗೆ ಕ್ಯಾಮರಾ ಹಿಡಿದಿದ್ದರು. ಹಾಗಾದರೆ ಆ ಚಿತ್ರಗಳೆಲ್ಲ ಎಲ್ಲಿ ಹೋದವು? ಈ ಪ್ರಶ್ನೆಯನ್ನು ಬೆನ್ನಟ್ಟಿ ಅವರು ೨೦೧೪ರಿಂದ ಹಲವು ವರ್ಷ ಶ್ರಮಿಸಿದರು. ರೈಲುದಾರಿಯ ಊರುಗಳ ಜನರನ್ನು ವಿಚಾರಿಸಿದರು, ಸಾಮಾಜಿಕ ಜಾಲತಾಣಗಳಲ್ಲಿ ಕೋರಿಕೆ ಹಾಕಿದರು, ಮನೆಮನೆಗಳಲ್ಲಿ ಉಳಿದಿದ್ದ ಚಿತ್ರಗಳನ್ನೂ ಸ್ಲೈಡುಗಳನ್ನೂ ಪುಟ್ಟ ಚಲನಚಿತ್ರಗಳನ್ನೂ ಒಂದೊಂದಾಗಿ ಕಲೆಹಾಕಿದರು. ದುರಂತದ ಐವತ್ತನೆಯ ವರ್ಷದಲ್ಲಿ, ೨೦೧೮ರಲ್ಲಿ, ಆ ಸಂಗ್ರಹ ಪುಸ್ತಕವಾಗಿ ಹೊರಬಂದಿತು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಫುಸ್ಕೋ ಅವರ ಚಿತ್ರಗಳೊಡನೆಯೇ ಪ್ರದರ್ಶಿತವಾಯಿತು. ಒಳಗಿನಿಂದ ಹೊರಗೆ ನೋಡಿದ ಒಬ್ಬನ ದೃಷ್ಟಿಯೂ, ಹೊರಗಿನಿಂದ ಒಳಗೆ ನೋಡಿದ ಹಲವರ ದೃಷ್ಟಿಯೂ ಐವತ್ತು ವರ್ಷಗಳ ತರುವಾಯ ಒಂದೇ ಸೂರಿನ ಅಡಿಯಲ್ಲಿ ಸಂಧಿಸಿದವು.

ಅಸ್ಪಷ್ಟ ಚಿತ್ರಗಳ ಬೆಲೆ

ಕಲೆಯ ಒರೆಗಲ್ಲಿಗೆ ಹಚ್ಚಿದರೆ ಹಳಿಯ ಬದಿಯ ಈ ಚಿತ್ರಗಳಲ್ಲಿ ಹೆಚ್ಚಿನವು ನಿಲ್ಲಲಾರವು. ಅದಕ್ಕೆ ಕಾರಣ ಅಂದಿನ ಕ್ಯಾಮರಾಗಳ ರಚನೆಯಲ್ಲಿಯೇ ಇದೆ. ೧೯೬೩ರಲ್ಲಿ ಕೊಡಕ್ ಸಂಸ್ಥೆ ಮಾರುಕಟ್ಟೆಗೆ ತಂದ 'ಇನ್‌ಸ್ಟಮ್ಯಾಟಿಕ್' ಕ್ಯಾಮರಾ ಛಾಯಾಗ್ರಹಣವನ್ನು ಮಕ್ಕಳಾಟದಷ್ಟು ಸುಲಭಗೊಳಿಸಿತ್ತು. ಫಿಲ್ಮನ್ನು ಕತ್ತಲಲ್ಲಿ ಸುತ್ತುವ ತೊಡಕಿಲ್ಲ. ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿಯನ್ನು ಒಳಗಿಟ್ಟು ಮುಚ್ಚಿದರೆ ಸಾಕು. ದೂರವನ್ನು ಅಳೆದು ಮಸೂರವನ್ನು ಹೊಂದಿಸುವ ಕೆಲಸವೂ ಇರಲಿಲ್ಲ. ೧೯೭೦ರ ವೇಳೆಗೆ ಇಂಥ ಕ್ಯಾಮರಾಗಳು ಐದು ಕೋಟಿಗೂ ಹೆಚ್ಚು ತಯಾರಾಗಿದ್ದವು. ಆದರೆ ಈ ಸೌಲಭ್ಯಕ್ಕೆ ಒಂದು ಬೆಲೆಯಿತ್ತು. ಅಂಗಳದಲ್ಲಿ ನಗುತ್ತ ನಿಂತ ಮಕ್ಕಳನ್ನು ಸ್ಪಷ್ಟವಾಗಿ ಹಿಡಿಯಬಲ್ಲ ಆ ಕ್ಯಾಮರಾದ ಕಣ್ಣು, ಓಡುವ ರೈಲನ್ನು ತಡೆದು ನಿಲ್ಲಿಸುವಷ್ಟು ಚುರುಕಾಗಿ ರೆಪ್ಪೆ ಮುಚ್ಚುತ್ತಿರಲಿಲ್ಲ. ಆದುದರಿಂದಲೇ ಗಾಡಿಗಳು ಚಿತ್ರದಲ್ಲಿ ಕಲಸಿಹೋಗಿವೆ. ಕೆಲವೆಡೆ ಮುಂದೆ ನಿಂತವರ ತಲೆಗಳೇ ಚಿತ್ರದ ಅರ್ಧವನ್ನು ತುಂಬಿವೆ. ಕೆಲವೆಡೆ ರೈಲು ಆಗಲೇ ದಾಟಿಹೋಗಿ ಬರಿಯ ಹಳಿ ಉಳಿದಿದೆ.

ಆ ಅಸ್ಪಷ್ಟತೆಯೇ ಅವುಗಳ ಸತ್ಯ. ಮೂರು ನಾಲ್ಕು ಗಂಟೆಗಳ ಕಾಲ ಕಾದು, ಕೆಲವೇ ಸೆಕೆಂಡುಗಳ ದರ್ಶನ ಪಡೆದವರ ಕಣ್ಣಿಗೆ ಆ ದಿನ ರೈಲು ಕಂಡದ್ದು ಹಾಗೆಯೇ. ನುರಿತ ಛಾಯಾಗ್ರಾಹಕನ ಚಿತ್ರ ಆ ಜನರ ಮುಖವನ್ನು ತೋರಿಸುತ್ತದೆ. ಅವರದೇ ಚಿತ್ರ ಅವರು ಕಂಡದ್ದನ್ನು ತೋರಿಸುತ್ತದೆ. ನಮ್ಮ ಹಳ್ಳಿಗಳ ವೀರಗಲ್ಲುಗಳಲ್ಲಿ ಮಡಿದ ವೀರನೇ ನಡುವೆ ನಿಂತಿರುತ್ತಾನೆ. ಇಲ್ಲಿ ಮಡಿದವನು ಕಾಣುವುದೇ ಇಲ್ಲ. ಕಾಣುವುದು ಅವನಿಗಾಗಿ ಕಾದು ನಿಂತವರ ಹಂಬಲ.

ಇನ್ನೂ ಒಂದು ಮಾತು. ಆ ಕಾಲದ ಒಂದು ಫಿಲ್ಮಿನಲ್ಲಿ ಸಾಮಾನ್ಯವಾಗಿ ಹನ್ನೆರಡು ಅಥವಾ ಇಪ್ಪತ್ತು ಚಿತ್ರಗಳಿಗೆ ಮಾತ್ರ ಅವಕಾಶ. ಎಲ್ಲವೂ ಮುಗಿಯುವ ತನಕ ಅದನ್ನು ತೊಳೆಯಲು ಕೊಡುವವರು ಕಡಮೆ. ಹೀಗಾಗಿ ಮಗುವಿನ ಹುಟ್ಟುಹಬ್ಬ ಮತ್ತು ಬೇಸಿಗೆಯ ಪ್ರವಾಸಗಳ ನಡುವೆ ರಾಷ್ಟ್ರದ ಶೋಕವೂ ಒಂದು ಚಿತ್ರವಾಗಿ ಸೇರಿಕೊಳ್ಳುತ್ತಿತ್ತು. ಚಿತ್ರದ ಅಂಚಿನ ಮೇಲೆ ಅಚ್ಚಾಗುತ್ತಿದ್ದ ತಿಂಗಳು ತೊಳೆದ ತಿಂಗಳೇ ಹೊರತು ತೆಗೆದ ತಿಂಗಳಲ್ಲ. ಇತಿಹಾಸದ ಗ್ರಂಥಗಳಲ್ಲಿ ಪ್ರತ್ಯೇಕ ಅಧ್ಯಾಯವಾಗಿ ನಿಲ್ಲುವ ಘಟನೆ ಜನರ ಬಾಳಿನಲ್ಲಿ ಹೀಗೆ ಸಂಸಾರದ ಸುಖದುಃಖಗಳೊಡನೆ ಬೆರೆತೇ ಇರುತ್ತದೆ.

ಜನ ನಿಂತ ಕಾರಣ

ಅಗಲಿದ ನಾಯಕನನ್ನು ರೈಲುದಾರಿಯ ಬದಿಯಲ್ಲಿ ನಿಂತು ಬೀಳ್ಕೊಡುವುದು ಅಮೆರಿಕಕ್ಕೆ ಹೊಸತಲ್ಲ. ೧೮೬೫ರಲ್ಲಿ ಹತರಾದ ಅಬ್ರಹಾಂ ಲಿಂಕನ್ನರ ಶರೀರವನ್ನು ಹೊತ್ತ ರೈಲು ವಾಷಿಂಗ್ಟನ್ನಿನಿಂದ ಸ್ಪ್ರಿಂಗ್‌ಫೀಲ್ಡಿಗೆ ಸುಮಾರು ೧,೬೫೦ ಮೈಲಿ ಸಾಗಿದಾಗಲೂ ಜನ ಹಗಲಿರುಳೆನ್ನದೆ ನಿಂತಿದ್ದರು. ೧೯೪೮ರ ಫೆಬ್ರವರಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ಮೂರನೆಯ ತರಗತಿಯ ಗಾಡಿಗಳ ರೈಲು ದೆಹಲಿಯಿಂದ ಪ್ರಯಾಗಕ್ಕೆ ಒಯ್ದಾಗ ನಮ್ಮ ದೇಶವೂ ಅಂಥದೇ ದೃಶ್ಯವನ್ನು ಕಂಡಿತ್ತು. ಆದರೆ ಲಿಂಕನ್ನರ ಕಾಲದಲ್ಲಿ ಛಾಯಾಗ್ರಹಣವೆಂದರೆ ಗಾಜಿನ ಫಲಕ, ರಾಸಾಯನಿಕಗಳ ಸೀಸೆ, ಮೂರು ಕಾಲಿನ ಪೀಠಗಳ ದೊಡ್ಡ ಸಂಸಾರ. ಹಳಿಯ ಬಳಿ ನಿಂತ ರೈತನಿಗೆ ಅದು ಎಟುಕದು. ೧೯೬೮ರಲ್ಲಿ ಕಾರ್ಖಾನೆಯ ಕೂಲಿಕಾರನೂ ಚಿತ್ರ ತೆಗೆಯಬಲ್ಲವನಾಗಿದ್ದ.

ಆ ವರ್ಷದ ಅಮೆರಿಕ ಒಡೆದ ಮನೆಯಂತಿತ್ತು. ಎರಡೇ ತಿಂಗಳ ಹಿಂದೆ, ಏಪ್ರಿಲ್ ೪ರಂದು, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ, ಹಲವು ನಗರಗಳಲ್ಲಿ ಬೆಂಕಿ ಎದ್ದಿತ್ತು. ವಿಯೆಟ್ನಾಮಿನ ಯುದ್ಧ ಮನೆಮನೆಯ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಕರಿಯರೂ ಬಡವರೂ ತಮ್ಮವನೆಂದು ನಂಬಿದ್ದ ನಾಯಕನೊಬ್ಬ ಮತ್ತೆ ಇಲ್ಲವಾದ. ಅಂದು ಹಳಿಯ ಬಳಿಗೆ ಬಂದವರಿಗೆ ಅವನ ದರ್ಶನದಷ್ಟೇ ತಮ್ಮವರ ಜೊತೆಯೂ ಬೇಕಾಗಿತ್ತು. ಬಾಲ್ಟಿಮೋರ್ ನಿಲ್ದಾಣದಲ್ಲಿ ಕಾದಿದ್ದ ಜನ ಒಕ್ಕೊರಲಿನಿಂದ ಹಾಡಿದರು. ಆ ಶೋಕದ ದಿನವೂ ಅನಾಹುತವಿಲ್ಲದೆ ಕಳೆಯಲಿಲ್ಲ. ನ್ಯೂಜೆರ್ಸಿಯ ಎಲಿಜಬೆತ್ ಊರಿನಲ್ಲಿ ಜನ ಹಳಿಗಳ ಮೇಲೆಯೇ ತುಂಬಿಕೊಂಡಿದ್ದಾಗ ಎದುರು ದಿಕ್ಕಿನಿಂದ ಬಂದ ರೈಲಿಗೆ ಸಿಕ್ಕಿ ಇಬ್ಬರು ಸತ್ತರು. ಗೌರವ ಸಲ್ಲಿಸಲು ಬಂದವರೇ ಬಲಿಯಾದ ಆ ಸಂಗತಿ ಕೆನೆಡಿಯವರ ಚರಿತ್ರೆಯಲ್ಲಿ ಒಂದೆರಡು ಸಾಲುಗಳಿಗೆ ಮೀರಿ ಬರುವುದಿಲ್ಲ.

ಹೆಸರಿಲ್ಲದ ಚಿತ್ರಗಳು

ಟೆರ್ಪ್‌ಸ್ಟ್ರಾ ಅವರ ಪ್ರಯತ್ನಕ್ಕೆ ಮುನ್ನವೇ ಜನರ ಚಿತ್ರಗಳ ಮಹತ್ವವನ್ನು ನ್ಯೂಯಾರ್ಕ್ ನಗರ ಮನಗಂಡಿತ್ತು. ೨೦೦೧ರ ಸೆಪ್ಟೆಂಬರ್ ೧೧ರಂದು ಅವಳಿ ಗೋಪುರಗಳು ಉರುಳಿದ ಎರಡು ವಾರಗಳಲ್ಲಿ, ಅಲ್ಲಿನ ಪ್ರಿನ್ಸ್ ಬೀದಿಯ ಖಾಲಿ ಮಳಿಗೆಯೊಂದರಲ್ಲಿ 'ಹಿಯರ್ ಈಸ್ ನ್ಯೂಯಾರ್ಕ್' ಎಂಬ ಪ್ರದರ್ಶನ ತೆರೆಯಿತು. ಯಾರು ಬೇಕಾದರೂ ತಮ್ಮ ಚಿತ್ರ ಕೊಡಬಹುದು. ಹೆಸರಾಂತ ಛಾಯಾಗ್ರಾಹಕರ ಚಿತ್ರವಾಗಲಿ, ಅಗ್ನಿಶಾಮಕ ದಳದವನ ಚಿತ್ರವಾಗಲಿ, ಶಾಲೆಯ ಬಾಲಕನ ಚಿತ್ರವಾಗಲಿ, ಎಲ್ಲವನ್ನೂ ಒಂದೇ ಬಗೆಯಾಗಿ ಅಚ್ಚುಹಾಕಿ, ಹೆಸರು ನಮೂದಿಸದೆ, ತಂತಿಗೆ ಕ್ಲಿಪ್ಪು ಸಿಕ್ಕಿಸಿ ತೂಗುಬಿಟ್ಟರು. ಯಾವುದನ್ನು ಕೊಂಡರೂ ೨೫ ಡಾಲರು. ಬಂದ ಲಾಭ ಸಂತ್ರಸ್ತ ಮಕ್ಕಳ ನೆರವಿಗೆ. 'ಛಾಯಾಚಿತ್ರಗಳ ಪ್ರಜಾಪ್ರಭುತ್ವ' ಎಂದು ಅದರ ಸಂಘಟಕರು ಅದನ್ನು ಕರೆದರು. ಐದು ಸಾವಿರಕ್ಕೂ ಹೆಚ್ಚು ಚಿತ್ರಗಳು ಅಲ್ಲಿ ಸೇರಿದವು. ಕೆಲವೇ ದಿನಗಳ ಹಿಂದೆ ತಮ್ಮವರನ್ನು ಕಳೆದುಕೊಂಡ ಊರಿನ ಜನ ಸಾಲುಗಟ್ಟಿ ನಿಂತು ಅವನ್ನು ನೋಡಿದರು.

ಇಂದು ಕ್ಯಾಮರಾ ಪ್ರತಿಯೊಬ್ಬರ ಜೇಬಿನಲ್ಲಿದೆ. ದುರಂತವೊಂದು ನಡೆದ ಗಳಿಗೆಯಲ್ಲಿಯೇ ಅದರ ಚಿತ್ರಗಳು ಸಾವಿರಗಟ್ಟಲೆ ಹರಡುತ್ತವೆ. ಆದರೆ ತೆಗೆದ ಮಾತ್ರಕ್ಕೆ ಚಿತ್ರ ಸ್ಮರಣೆಯಾಗುವುದಿಲ್ಲ. ಅದನ್ನು ಯಾರಾದರೂ ಕಾಪಾಡಬೇಕು. 'ಇದು ಇಂಥ ದಿನ, ಇಂಥ ಊರು, ಇದರಲ್ಲಿರುವವರು ಇಂಥವರು' ಎಂದು ಹೇಳುವವರಿರಬೇಕು. ೧೯೬೮ರಲ್ಲಿ ಹಳಿಯ ಬದಿಯಲ್ಲಿ ತಾಯಿಯ ಕೈಹಿಡಿದು ನಿಂತಿದ್ದ ಮಕ್ಕಳು ಈಗ ಅರವತ್ತು ದಾಟಿದ್ದಾರೆ. ಅವರ ಹೆತ್ತವರ ಕಾಲ ಮುಗಿಯುತ್ತ ಬಂದಂತೆಲ್ಲ ಮನೆಗಳು ಖಾಲಿಯಾಗುತ್ತವೆ, ಹಳೆಯ ಪೆಟ್ಟಿಗೆಗಳು ಹೊರಬೀಳುತ್ತವೆ. ಬಣ್ಣ ಮಾಸಿ ಕೆಂಪಡರಿದ ಚೌಕಾಕಾರದ ಚಿತ್ರವೊಂದರಲ್ಲಿ ಕಲಸಿಹೋದ ರೈಲು ಕಂಡಾಗ, ಅದೇನೆಂದು ಬಲ್ಲವರು ಪಕ್ಕದಲ್ಲಿಲ್ಲದಿದ್ದರೆ ಅದು ಕೆಟ್ಟುಹೋದ ಚಿತ್ರವೆಂದೇ ಎಣಿಕೆಯಾಗಿ ಕಸದ ಬುಟ್ಟಿ ಸೇರುತ್ತದೆ. ಟೆರ್ಪ್‌ಸ್ಟ್ರಾ ಅವರು ಊರೂರು ತಿರುಗಿ ಉಳಿಸಿದ್ದು ಚಿತ್ರಗಳನ್ನು ಮಾತ್ರವಲ್ಲ, ಅವುಗಳ ಹಿಂದಿದ್ದ ಮಾತುಗಳನ್ನೂ. ಅಂಥ ಚಿತ್ರವುಳ್ಳ ಪ್ರತಿಯೊಂದು ಮನೆಯಲ್ಲಿಯೂ ಅದರ ಬೆನ್ನಿನ ಮೇಲೆ ತಾರೀಖನ್ನೂ ಊರಿನ ಹೆಸರನ್ನೂ ಬರೆದಿಡುವ ಕೈಯೊಂದು ಇದ್ದರೆ, ಅಷ್ಟರಮಟ್ಟಿಗೆ ಅಂದು ಕಾದು ನಿಂತವರ ಶ್ರಮ ಸಾರ್ಥಕವಾಗುವುದು.